ಓಗೊಡದ ಅಕ್ಕ

ಹೊಳೆಗೆ ಸೇತುವೆ ಕಟ್ಟುವುದನ್ನು ಜನ ಇನ್ನೂ ಕಲಿತಿರದ ಕಾಲದಲ್ಲಿ ಅಂಕನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ನಡುವೆ ಚಿಗರಿಹೊಳೆ ಹರಿಯುತ್ತಿತ್ತು. ಬೆಟ್ಟದಲ್ಲಿ ಚಿಗರಿಯ ಹಾಗೆ ನೆಗೆನೆಗೆದು ಬರುವ ಹೊಳೆ ಬಯಲಿಗೆ ಇಳಿದೊಡನೆ ದಣಿದು, ನೂರು ಕವಲಾಗಿ ಒಡೆದು, ಎಲ್ಲಿ ನೀರು ಎಲ್ಲಿ ನೆಲ ಎಂದು ಹೇಳಲಾಗದಂಥ ದೊಡ್ಡ ಜೌಗಾಗಿ ಹರಡಿಕೊಳ್ಳುತ್ತಿತ್ತು. ಜನ ಅದನ್ನು ನೂರ್ಗೈ ಜೌಗು ಎಂದು ಕರೆಯುತ್ತಿದ್ದರು.

ಆ ಜೌಗಿನಲ್ಲಿ ಅರಳುವಷ್ಟು ಹೂವು ಬೇರೆಲ್ಲೂ ಅರಳುತ್ತಿರಲಿಲ್ಲ. ಮಳೆಗಾಲದಲ್ಲಿ ದಂಡೆಯುದ್ದಕ್ಕೂ ಗುಲಾಬಿ ಬಣ್ಣದ ಕರ್ಣಕುಂಡಲ. ಮಳೆ ಹಿಂದೆ ಸರಿದ ಮೇಲೆ ನೀರಿನ ತುಂಬ ನೀಲಿ ನೈದಿಲೆ. ಚಳಿ ಬಿದ್ದು ಇಬ್ಬನಿ ಸುರಿಯುವ ಕಾಲಕ್ಕೆ, ಗೇಣುದ್ದದ ಗಿಡಗಳಲ್ಲಿ ಹಾಲಿನಷ್ಟು ಬೆಳ್ಳಗಿನ ಹನಿಗಣ್ಣೆ. ಆದರೆ ಅವನ್ನು ನೋಡಲು ಯಾರೂ ಹೋಗುತ್ತಿರಲಿಲ್ಲ. ಆ ಹೂವುಗಳೆಲ್ಲ ಒಂದು ಕಾಲಕ್ಕೆ ಮನುಷ್ಯರಾಗಿದ್ದವು.

ಜೌಗಿನ ನಡುಗಡ್ಡೆಯಲ್ಲಿ ಮುಡಿಗಾತಿ ಎಂಬ ಮಾಟಗಾತಿ ಇದ್ದಳು. ಹಿಂದೆ ಅವಳು ಯಾವುದೋ ದೇಶದ ರಾಣಿಯಾಗಿದ್ದಳಂತೆ. ತಲೆಯಲ್ಲಿ ಮೊದಲ ಬಿಳಿಗೂದಲು ಕಂಡ ದಿನ ಕನ್ನಡಿ ಒಡೆದು, ಗಂಡ ಮಕ್ಕಳನ್ನು ಬಿಟ್ಟು, ಮಾಟ ಕಲಿಯಲು ಹೊರಟುಹೋದಳಂತೆ. ಈಗ ಅವಳಿಗೆ ಮುನ್ನೂರು ವರ್ಷ. ನೋಡಿದರೆ ಇಪ್ಪತ್ತರ ಹುಡುಗಿ. ಹೂವಿನ ಕಾಲದಲ್ಲಿ ದಿನಾ ನಸುಕಿನಲ್ಲಿ ಒಂದು ಹೂವನ್ನು ಕಿತ್ತು ಮುಡಿಯುತ್ತಿದ್ದಳು. ಸಂಜೆ ಹೂವು ಬಾಡುವಷ್ಟರಲ್ಲಿ ಆ ಮನುಷ್ಯನ ಉಳಿದ ಆಯುಸ್ಸೆಲ್ಲ ಅವಳ ಪಾಲಾಗುತ್ತಿತ್ತು.

ಅವಳ ಬೇಟೆಗೆ ಬಲೆ ಬೇಕಿರಲಿಲ್ಲ. ಜೌಗಿನ ಅಂಚಿಗೆ ಬಂದವರನ್ನು, ಅವರಿಗೆ ಅತ್ಯಂತ ಬೇಕಾದವರ ದನಿಯಲ್ಲಿ, ಹೆಸರು ಹಿಡಿದು ಕರೆಯುತ್ತಿದ್ದಳು. ಕಿವಿಗೆ ಅರಳೆ ತುರುಕಿಕೊಂಡರೂ ಆ ಕರೆ ಎದೆಯೊಳಗೆ ಕೇಳುತ್ತಿತ್ತು. ಮರೆತು 'ಓ' ಎಂದರೆ ಮುಗಿಯಿತು. ಕಾಲು ಬೇರಾಗಿ, ಮೈ ದಂಟಾಗಿ, ಮುಖ ಹೂವಾಗುತ್ತಿತ್ತು. ಯಾವ ಋತುವಿನಲ್ಲಿ ಓಗೊಟ್ಟರೋ ಆ ಋತುವಿನ ಹೂವಾಗಿ ವರ್ಷವರ್ಷವೂ ಅರಳುತ್ತಿದ್ದರು, ಅವಳ ಕೈ ತಮ್ಮ ಮೇಲೆ ಬೀಳುವವರೆಗೆ. ಅಂಕನಾಡಿನ ರಾಜ ಒಮ್ಮೆ ಮಳೆಗಾಲದಲ್ಲಿ ದಂಡು ಕಳಿಸಿದ. ದಂಡು ಹಿಂದಿರುಗಲಿಲ್ಲ. ಮರುವರ್ಷ ದಂಡೆಯಲ್ಲಿ ಕರ್ಣಕುಂಡಲ ಹಿಂದೆಂದೂ ಇಲ್ಲದಷ್ಟು ಅರಳಿತು. ಆಮೇಲೆ ರಾಜ ಜೌಗಿನ ಹೆಸರೆತ್ತಲಿಲ್ಲ.

ಆದರೆ ಚಾಪೆ ಹೆಣೆಯುವವರಿಗೆ ಆಪುಹುಲ್ಲು ಬೇಕು. ಆಪು ಬೆಳೆಯುವುದು ಜೌಗಿನ ಅಂಚಿನಲ್ಲೇ. ಹಾಗಾಗಿ ಅವರು ತುಟಿ ಬಿಗಿಹಿಡಿದು ಹೋಗಿ, ತುಟಿ ಬಿಗಿಹಿಡಿದೇ ಬರುತ್ತಿದ್ದರು. ಹಾಗೆ ಬಾಳುತ್ತಿದ್ದವರಲ್ಲಿ ಕಬ್ಬಳ್ಳಿಯ ಅಕ್ಕತಂಗಿಯರಿಬ್ಬರು ಇದ್ದರು. ಅಕ್ಕನ ಹೆಸರು ಬಾಚಲೆ, ತಂಗಿಯ ಹೆಸರು ಚಂದಲೆ. ತಾಯಿ ತಂದೆ ಇಬ್ಬರೂ ಒಂದೇ ವರ್ಷ ಜ್ವರದಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಬಾಚಲೆಯೇ ತಂಗಿಗೆ ತಾಯಿ. ತಲೆ ಬಾಚಿ ಜಡೆ ಹಾಕುವವಳು ಅವಳು, ತುತ್ತು ಮಾಡಿ ಕೊಡುವವಳು ಅವಳು. ಚಂದಲೆ ಬಾಯಿಬಡುಕಿ. ಚಾಪೆಯ ಒಂದು ಸಾಲು ಹೆಣೆಯುವಷ್ಟರಲ್ಲಿ ಊರ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದಳು.

ಒಂದು ಚಳಿಗಾಲ ಬಾಚಲೆ ಜ್ವರ ಬಂದು ಮಲಗಿದಳು. ಮನೆಯಲ್ಲಿ ಆಪು ಮುಗಿದಿತ್ತು.

"ನಾನು ಹೋಗಿ ತರ್ತೀನಿ ಅಕ್ಕ. ಒಂದೇ ಹೊರೆ," ಎಂದಳು ಚಂದಲೆ.

"ಬೇಡ ಕಣೇ. ನಿನ್ನ ಬಾಯಿ ಸುಮ್ಮನಿರಲ್ಲ."

"ಬಾಯೊಳಗೆ ಬೆಲ್ಲದಚ್ಚು ಇಟ್ಕೊಂಡು ಹೋಗ್ತೀನಿ. ಕರಗೋದರೊಳಗೆ ಬಂದುಬಿಡ್ತೀನಿ."

ಬಾಚಲೆಗೆ ನಗು ಬಂತು. ಆಮೇಲೆ ಜ್ವರದ ಮಂಪರು ಬಂತು. ಅವಳು ಕಣ್ಣುಬಿಟ್ಟಾಗ ಒಬ್ಬ ಕುರುಬ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ನಿನ್ನ ತಂಗಿನ್ನ ದೂರದಿಂದ ಕಂಡೆ ತಾಯಿ. ಹೊರೆ ಕಟ್ಟಿ ತಲೆ ಮೇಲೆ ಇಟ್ಕೊಂಡಿದ್ಲು. ಹಿಂದೆ ತಿರುಗಿ 'ಓ, ಬಂದೆ ಅಕ್ಕಾ' ಅಂದ್ಲು. ಆಮೇಲೆ ಹೊರೆ ಮಾತ್ರ ಬಿತ್ತು."

ಮುಡಿಗಾತಿ ಅಕ್ಕನ ದನಿಯಲ್ಲೇ ತಂಗಿಯನ್ನು ಕರೆದಿದ್ದಳು.

ಬಾಚಲೆ ಜ್ವರ ಇಳಿಯುವವರೆಗೂ ಕಾಯಲಿಲ್ಲ. ಬಿದ್ದು ಎದ್ದು ಜೌಗಿನ ಅಂಚಿಗೆ ಹೋದಳು. ಅಲ್ಲಿ ಹುಣಸೆಮರದ ಕೆಳಗೆ ಹೆಜ್ಜಾರ್ಲೆ ಹಕ್ಕಿಯ ಮರಿಯೊಂದು ಗೂಡಿನಿಂದ ಬಿದ್ದು ಬಾಯಿ ಬಿಡುತ್ತಿತ್ತು. ಅಷ್ಟು ದುಃಖದಲ್ಲೂ ಅವಳು ಅದನ್ನು ಮಡಿಲಲ್ಲಿ ಕಟ್ಟಿಕೊಂಡು, ನಡುಗುವ ಕಾಲಲ್ಲಿ ಮರ ಹತ್ತಿ, ಗೂಡಿನಲ್ಲಿಟ್ಟಳು. ಗೂಡಿನ ಪಕ್ಕ ಮುದಿ ಹೆಜ್ಜಾರ್ಲೆಯೊಂದು ಕೂತಿತ್ತು. ಅದು ಮನುಷ್ಯರ ಮಾತಾಡಿತು.

"ಮುಡಿಗಾತಿ ಈ ಜೌಗಿಗೆ ಬರೋ ಮೊದಲೇ ನಾನು ಇಲ್ಲಿದ್ದೆ ಮಗಳೇ. ಅವಳ ಪ್ರಾಣ ಎಲ್ಲಿದೆ ಅಂತ ನನಗೆ ಗೊತ್ತು. ನಡುಗಡ್ಡೆಯಲ್ಲಿ ಯಾವತ್ತೂ ಹೂವು ಬಿಡದ ಒಂದು ಗಿಡ ಇದೆ. ಅದರ ಬೇರಲ್ಲಿ ಅವಳ ಪ್ರಾಣ ಇದೆ. ಬೇರು ಕಿತ್ತರೆ ಅವಳಿಲ್ಲ. ಆದರೆ ಅಲ್ಲಿಗೆ ಹೋಗೋಕೆ ಮೂರು ನೀರು ದಾಟಬೇಕು. ಕರ್ಣಕುಂಡಲ ಅರಳಿದಾಗ ಮೊದಲನೇ ನೀರಿಗೆ ದಾರಿ. ನೈದಿಲೆ ಅರಳಿದಾಗ ಎರಡನೇದಕ್ಕೆ. ಹನಿಗಣ್ಣೆ ಅರಳಿದಾಗ ಮೂರನೇದಕ್ಕೆ. ಬೇರೆ ಕಾಲದಲ್ಲಿ ಆ ನೀರಿಗೆ ತಳವೂ ಇಲ್ಲ, ದಡವೂ ಇಲ್ಲ. ಅವಸರ ಮಾಡಬೇಡ. ಒಂದು ಹೂವನ್ನೂ ಕೀಳಬೇಡ. ಯಾರು ಕರೆದರೂ ಓಗೊಡಬೇಡ."

"ನನ್ನ ತಂಗಿ?"

"ಚಳಿಗಾಲದಲ್ಲಿ ಹೋದವಳು. ಎಲ್ಲಿ ಓಗೊಟ್ಟರೂ ಬೇರು ಬಿಡೋದು ಆ ಕಾಲದ ಹೂವು ಬೆಳೆಯೋ ಜಾಗದಲ್ಲೇ. ಮೂರನೇ ನೀರಿನ ಹತ್ತಿರ ಹನಿಗಣ್ಣೆಯಾಗಿ ಇರ್ತಾಳೆ. ಈ ವರ್ಷ ಹೂವಿನ ಕಾಲ ಮುಗೀತು. ಇನ್ನು ಮುಂದಿನ ಚಳಿಗೇ ಅವಳು ಅರಳೋದು. ಅಲ್ಲಿವರೆಗೆ ಅವಳಿಗೆ ಭಯ ಇಲ್ಲ. ಮೊಗ್ಗನ್ನೂ ಬೇರನ್ನೂ ಮುಡಿಗಾತಿ ಮುಟ್ಟಲ್ಲ."

ಬಾಚಲೆ ಮನೆಗೆ ಹಿಂದಿರುಗಿದಳು. ಬೇಸಿಗೆಯೆಲ್ಲ ತಂಗಿಯ ಚಾಪೆಯನ್ನು ಪಕ್ಕದಲ್ಲಿ ಹಾಸಿ, ಬೆಳಿಗ್ಗೆ ಮಡಿಸಿ ಇಡುತ್ತಿದ್ದಳು. ಮೊದಲ ಮಳೆ ಬಿದ್ದು ಕರ್ಣಕುಂಡಲ ಅರಳಿತೆಂದು ಸುದ್ದಿ ಬಂದ ದಿನ ಬಾಗಿಲೆಳೆದುಕೊಂಡು ಹೊರಟಳು.

ಮೊದಲನೇ ನೀರಿನ ದಂಡೆ ಕಣ್ಣು ಹಾಯುವವರೆಗೂ ಗುಲಾಬಿ ಬಣ್ಣವಾಗಿತ್ತು. ಹೂವುಗಳ ಮೇಲೆ ಇಬ್ಬನಿಯಿರುವಷ್ಟು ಹೊತ್ತು ಮಾತ್ರ ಅವಕ್ಕೆ ಮಾತು. ಬೆಳಗಿನ ಆ ಸ್ವಲ್ಪ ಹೊತ್ತಿನಲ್ಲಿ ದಂಡೆಯೆಲ್ಲ ಪಿಸುಗುಟ್ಟುತ್ತಿತ್ತು. ಒಂದು ಹೂವು ಅವಳ ಸೆರಗಿಗೆ ತಾಗಿ ಕೇಳಿತು:

"ಅಕ್ಕಾ, ನೀನು ಕಬ್ಬಳ್ಳಿ ಕಡೆಯವಳಾ? ನಾನು ಅಲ್ಲಿಯವನು. ಕೇತ ಅಂತ. ಮದುವೆಯಾಗಿ ಎಂಟು ದಿನಕ್ಕೆ ಇಲ್ಲಿ ಸಿಕ್ಕಿಕೊಂಡೆ. ನನ್ನ ಹೆಂಡತಿ ಮಾಳಲೆ ಇನ್ನೂ ಕಾಯ್ತಿದ್ದಾಳಾ?"

ಬಾಚಲೆಗೆ ಮಾಳಲೆ ಗೊತ್ತಿತ್ತು. ಊರ ಹಿಂದಿನ ಏರಿಯ ಮೇಲೆ ದಿನಾ ಕೂರುವ, ಹಲ್ಲಿಲ್ಲದ, ತಲೆಯೆಲ್ಲ ನೆರೆತ ಮುದುಕಿ.

"ಕಾಯ್ತಿದ್ದಾರೆ," ಎಂದಳು. ಹೆಚ್ಚಿಗೆ ಏನೂ ಹೇಳಲಿಲ್ಲ.

ಆಗ ನೀರು ಸೀಳಿಕೊಂಡು ಒಂದು ಮೊಸಳೆ ಮೇಲೆದ್ದಿತು. ಅದರ ಬೆನ್ನು ದೋಣಿಯಷ್ಟು ಅಗಲವಿತ್ತು.

"ಹತ್ತು," ಎಂದಿತು ಮೊಸಳೆ. "ಹೂವಿನ ಕಾಲದಲ್ಲಿ ಬಂದವರನ್ನು ದಾಟಿಸಬೇಕು ಅನ್ನೋದು ನನಗೆ ಹಾಕಿದ ಕಟ್ಟು. ನಡುನೀರಲ್ಲಿ ಕರೆ ಬರುತ್ತೆ. ಓ ಅಂದರೆ ನಾನು ಮುಳುಗಬೇಕು ಅನ್ನೋದೂ ಕಟ್ಟೇ. ನನ್ನನ್ನು ಬೈಬೇಡ."

ಅವಳು ಹತ್ತಿದಳು. ಮಳೆ ಸುರಿಯತೊಡಗಿತು. ನಡುನೀರಿಗೆ ಬಂದಾಗ ಹಿಂದಿನಿಂದ ಕರೆ ಬಂತು. ಅದು ಅವಳ ತಾಯಿಯ ದನಿ.

"ಬಾಚೂ, ಗಂಜಿ ಆರಿ ಹೋಗ್ತಿದೆ. ಎಷ್ಟು ಹೊತ್ತೇ? ಬಾರೇ."

ಆ ದನಿಯನ್ನು ಕೇಳಿ ಎಷ್ಟೋ ವರ್ಷವಾಗಿತ್ತು. ದನಿ ಹೇಗಿತ್ತೆಂಬುದೇ ಮರೆತಿತ್ತು. ಈಗ ನೆನಪಾಯಿತು, ಬೇಗ ಬೇಗ ಮಾತಾಡಿ ಕೊನೆಯಲ್ಲಿ ಸ್ವಲ್ಪ ಎಳೆಯುವ ಆ ರೀತಿ. ಬಾಚಲೆ ಕೆಳತುಟಿಯನ್ನು ಕಚ್ಚಿದಳು. ರಕ್ತ ಬಂತು. ಅಮ್ಮ ಮತ್ತೆ ಕರೆದಳು, ಮತ್ತೂ ಕರೆದಳು, ಆಮೇಲೆ ಸೋತವಳಂತೆ ಸುಮ್ಮನಾದಳು. ಮೊಸಳೆ ಅವಳನ್ನು ಆಚೆ ದಡಕ್ಕೆ ಇಳಿಸಿ, ನೀರಿಗೆ ಸರಿಯಿತು.

ಅಲ್ಲಿ ನೈದಿಲೆ ಅರಳುವವರೆಗೆ ಬಾಚಲೆ ಕಾದಳು. ಜೊಂಡಿನ ಗುಡಿಸಲು ಕಟ್ಟಿಕೊಂಡು, ತಾವರೆಗೆಡ್ಡೆ ಸುಟ್ಟು ತಿಂದಳು. ಮಳೆ ಹಿಂದಾಯಿತು. ಒಂದು ಬೆಳಿಗ್ಗೆ ನೀರೆಲ್ಲ ನೀಲಿಯಾಯಿತು.

ಗುಡಿಸಲ ಹತ್ತಿರವೇ ಅರಳಿದ ನೈದಿಲೆಯೊಂದು ಒಬ್ಬ ಅಜ್ಜಿ. ಹೆಸರು ಹೊನ್ನವ್ವೆ. ಇಬ್ಬನಿ ಇರುವಷ್ಟು ಹೊತ್ತೂ ಅವಳದು ಸೊಸೆಯ ಮೇಲೆ ದೂರು.

"ಸಾರಿಗೆ ಉಪ್ಪು ಹಾಕೋದು ಗೊತ್ತಿಲ್ಲ ಅವಳಿಗೆ. ಹಾಲು ಉಕ್ಕಿಸಿ ಒಲೆ ಆರಿಸ್ತಾಳೆ. ನಾನಿಲ್ಲದೆ ಮನೆ ಏನಾಗಿದೆಯೋ."

ಬಾಚಲೆ ಕೇಳುತ್ತಾ ಕೂರುತ್ತಿದ್ದಳು. ಮೂರನೇ ನೀರಿನ ಬಳಿ ಹನಿಗಣ್ಣೆ ಅರಳಲು ಇನ್ನೂ ದಿನಗಳಿದ್ದವು. ಎರಡನೇ ನೀರನ್ನು ದಾಟುವ ಮುಂಚೆ ಇನ್ನೊಂದು ದಿನ, ಇನ್ನೊಂದು ದಿನ ಎಂದು ಅಜ್ಜಿಯೇ ಅವಳನ್ನು ನಿಲ್ಲಿಸಿಕೊಳ್ಳುತ್ತಿದ್ದಳು. ಒಂದು ನಸುಕಿನಲ್ಲಿ ಮಂಜಿನೊಳಗಿಂದ ಮುಡಿಗಾತಿ ನೀರಿನ ಮೇಲೆ ನಡೆದು ಬಂದಳು. ಬಾಚಲೆ ಜೊಂಡಿನಲ್ಲಿ ಅಡಗಿದಳು. ಮುಡಿಗಾತಿ ಅತ್ತ ಇತ್ತ ನೋಡಿ, ಬಗ್ಗಿ, ಹೊನ್ನವ್ವೆಯ ದಂಟಿಗೆ ಕೈ ಹಾಕಿದಳು.

"ಸೊಸೆ ಒಳ್ಳೆಯವಳೇ," ಎಂದಿತು ಹೂವು, ಯಾರಿಗೆಂದಿಲ್ಲದೆ. "ಹಾಗಂತ ಯಾರಾದರೂ ಅವಳಿಗೆ ಹೇಳಿ."

ಬಾಚಲೆಯ ಕೈಯಲ್ಲಿ ಆಪು ಕೊಯ್ಯುವ ಕುಡುಗೋಲಿತ್ತು. ಆದರೆ ಪ್ರಾಣ ಬೇರಲ್ಲಿರುವವಳಿಗೆ ಕುಡುಗೋಲು ಏನು ಮಾಡೀತು? ಅವಳು ಬಾಯಿಗೆ ಸೆರಗು ತುರುಕಿಕೊಂಡು ಅಳು ನುಂಗಿದಳು. ಬೆಳಕಾದ ಮೇಲೆ ಎದ್ದು ಎರಡನೇ ನೀರಿಗೆ ಇಳಿದಳು.

ಆ ನೀರನ್ನು ಕಾಯುತ್ತಿದ್ದುದು ಒಂದು ಕೋಣ. ಅದರ ಬೆನ್ನ ಮೇಲೆ ಪಾಚಿ ಬೆಳೆದು, ಕೊಂಬಿನ ನಡುವೆ ನೈದಿಲೆ ಅರಳಿತ್ತು. ಅದು ಮಾತಾಡಲಿಲ್ಲ, ಕತ್ತು ತಗ್ಗಿಸಿ ಹತ್ತಲು ಬಿಟ್ಟಿತು. ನಡುನೀರಲ್ಲಿ ಕರೆ ಬಂತು. ಈ ಸಲ ತಂದೆಯ ದನಿ. ಅವನು ಮಾತು ಕಡಿಮೆಯ ಮನುಷ್ಯ. ಜ್ವರದಲ್ಲಿ ಮಲಗಿದ್ದಾಗ ಆಡಿದ್ದ ಮಾತನ್ನೇ ಈಗಲೂ ಆಡಿದ:

"ಬಾಚಲೆ, ಒಂದು ಕೈ ಹಿಡಿಯವ್ವ. ಏಳಕ್ಕಾಗ್ತಿಲ್ಲ."

ಅಂದು ಅವಳು ಓಡಿಹೋಗಿ ಕೈ ಹಿಡಿದಿದ್ದಳು. ಇಂದು ಎರಡೂ ಕೈಯಿಂದ ಕೋಣದ ಕೊಂಬನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಬೆನ್ನ ಹಿಂದೆ ಅಪ್ಪ ನರಳುವುದನ್ನು ಕೇಳುತ್ತಾ ಹೋದಳು. ಕೋಣ ನಿಧಾನದ ಪ್ರಾಣಿ. ಆ ದಾರಿ ಮುಗಿಯಲೇ ಇಲ್ಲವೇನೋ ಅನ್ನಿಸಿತು. ಆಚೆ ದಡದಲ್ಲಿ ಇಳಿದಾಗ ಅವಳ ಬೈತಲೆಯ ಎರಡೂ ಬದಿಗೆ ಕೂದಲು ಬೆಳ್ಳಗಾಗಿತ್ತು.

ಚಳಿ ಬಂತು. ದಿನವೂ ಬಾಚಲೆ ನೆಲ ನೋಡುತ್ತಾ ಓಡಾಡಿದಳು. ಮೊದಲು ಸೂಜಿಯಂಥ ಎಲೆ, ಆಮೇಲೆ ಅಕ್ಕಿಕಾಳಿನಂಥ ಮೊಗ್ಗು. ಯಾವುದು ಚಂದಲೆ ಎಂದು ತಿಳಿಯುವುದು ಹೇಗೆ? ಮೊಗ್ಗುಗಳಿಗೆ ಅವಳು ಮೆಲ್ಲಗೆ ಹೇಳುತ್ತಾ ಹೋದಳು, "ಚಂದೂ, ಅಕ್ಕ ಬಂದಿದ್ದೀನಿ. ಅರಳಿದ ಕೂಡಲೇ ಮಾತಾಡು." ಮೊಗ್ಗುಗಳಿಗೆ ಮಾತು ಬಾರದು. ಜೌಗು ದೊಡ್ಡದು. ಅವಳು ಒಂದು ಕಡೆ ಹುಡುಕುವಾಗ ಇನ್ನೊಂದು ಕಡೆ ಅರಳುತ್ತಿದ್ದವು.

ಒಂದು ಮುಂಜಾನೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಚಾಚಿದ ಕೈ ಕಾಣುತ್ತಿರಲಿಲ್ಲ. ಕಾಲಡಿಯಲ್ಲಿ ಮಾತ್ರ ಬೆಳ್ಳಗೆ ಹೊಳೆಯಿತು. ಹನಿಗಣ್ಣೆ ಒಂದರ ಪಕ್ಕ ಒಂದು ಅರಳಿ, ಮೂರನೇ ನೀರಿನ ಮೇಲೆ ಒಬ್ಬರು ನಡೆಯುವಷ್ಟು ದಾರಿಯಾಗಿತ್ತು. ಹೂವನ್ನು ತುಳಿಯದಂತೆ, ಹೂವಿನ ನಡುವಿನ ಕೆಸರಿನಲ್ಲಿ ಬೆರಳೂರಿ ಅವಳು ನಡೆದಳು. ಇಲ್ಲಿ ಮೊಸಳೆಯಿಲ್ಲ, ಕೋಣವಿಲ್ಲ. ನಡುದಾರಿಯಲ್ಲಿ, ಕೈಗೆಟುಕುವಷ್ಟು ಹತ್ತಿರದಿಂದ, ಕರೆ ಬಂತು.

"ಅಕ್ಕಾ! ಅಕ್ಕಾ, ಇಲ್ಲಿದ್ದೀನಿ! ಅಕ್ಕಾ!"

ಚಂದಲೆಯ ದನಿ. ಬಾಚಲೆಯ ಕಾಲು ನಿಂತಿತು. ಅಮ್ಮ ಸತ್ತವಳು, ಅಪ್ಪ ಸತ್ತವನು. ಆ ಕರೆಗಳು ಮಾಟವೆಂದು ಬುದ್ಧಿಗೆ ಗೊತ್ತಿತ್ತು. ಇದು ಬದುಕಿರುವವಳ ದನಿ. 'ಓ' ಎಂಬುದು ಗಂಟಲಿನವರೆಗೆ ಬಂತು. ಮುಡಿಗಾತಿ ಈಗ ಇದನ್ನೇ ಅಲ್ಲವೇ ಮಾಡುವುದು, ಕೊನೆಯ ನೀರಿಗೆ ಕೊನೆಯ ದನಿ ಇಟ್ಟುಕೊಂಡಿರುತ್ತಾಳಲ್ಲವೇ? ಬಾಚಲೆ ತನ್ನ ಮುಂಗೈಯನ್ನು ಬಾಯಿಗಿಟ್ಟು ಕಚ್ಚಿದಳು. ಒಂದು ಹೆಜ್ಜೆ ಮುಂದಿಟ್ಟಳು. ಇನ್ನೊಂದು. ಕರೆ ಒಮ್ಮೆ ಚೀರಿ ನಿಂತುಹೋಯಿತು.

ನಡುಗಡ್ಡೆಗೆ ಕಾಲಿಟ್ಟಾಗ ಮಂಜು ತೆಳುವಾಯಿತು. ಅಲ್ಲಿ ಎದೆಯೆತ್ತರದ, ಕಪ್ಪು ದಂಟಿನ, ಹೂವಿಲ್ಲದ ಒಂದು ಗಿಡ. ಅದರ ಪಕ್ಕದ ಕಲ್ಲಿನ ಮೇಲೆ ಮುಡಿಗಾತಿ ಕೂತಿದ್ದಳು. ಅವಳ ತಲೆಯಲ್ಲಿ ಆಗತಾನೆ ಕಿತ್ತ ಒಂದು ಹನಿಗಣ್ಣೆ. ದಂಟಿನ ತುದಿಯಿಂದ ಇನ್ನೂ ಹಾಲು ಜಿನುಗುತ್ತಿತ್ತು.

"ಬಂದೆಯಾ?" ಎಂದಳು ಮುಡಿಗಾತಿ. "ಮುನ್ನೂರು ವರ್ಷದಲ್ಲಿ ಮೂರು ನೀರನ್ನೂ ದಾಟಿದವಳು ನೀನೊಬ್ಬಳೇ. ಇದು ಯಾರು ಗೊತ್ತಾಯಿತೇ?"

ಬಾಚಲೆಗೆ ಗೊತ್ತಾಯಿತು.

"ಬೇರಿಗೆ ಕೈ ಹಾಕುವ ಮೊದಲು ಕೇಳು. ನೀನು ಬೇರು ಕಿತ್ತರೆ ನಾನು ಸಾಯುತ್ತೇನೆ. ನೆಲದಲ್ಲಿ ಬೇರಿರುವ ಹೂವುಗಳೆಲ್ಲ ಮನುಷ್ಯರಾಗಿ ಏಳುತ್ತವೆ. ಆದರೆ ಕಿತ್ತ ಹೂವಿಗೆ ಬೇರಿಲ್ಲ. ಇದು ಏಳುವುದು ಯಾವುದರ ಮೇಲೆ? ಸಂಜೆಗೆ ಬಾಡಿಹೋಗುತ್ತದೆ. ಬೇರು ಮುಟ್ಟದೆ ಇದ್ದೀಯೋ, ನಾನೇ ನನ್ನ ಕೈಯಾರೆ ಇದನ್ನು ಮತ್ತೆ ಮಣ್ಣಿಗೆ ನೆಡುತ್ತೇನೆ. ನಿನ್ನ ತಂಗಿ ಎದ್ದು ನಿಲ್ಲುತ್ತಾಳೆ. ಇಬ್ಬರೂ ಕೈಹಿಡಿದುಕೊಂಡು ಮನೆಗೆ ಹೋಗಿ. ನಿಮ್ಮ ತಂಟೆಗೆ ಎಂದಿಗೂ ಬರುವುದಿಲ್ಲ. ಇದು ಆಣೆ."

ಬಾಚಲೆ ಬೊಗಸೆಯೊಡ್ಡಿ ಹೇಳಿದಳು, "ಒಂದು ಸಲ ನನ್ನ ಕೈಗೆ ಕೊಡು. ಮಾತಾಡಬೇಕು."

ಮುಡಿಗಾತಿ ನಕ್ಕಳು. ಕರುಳಿನ ಕಟ್ಟು ಎಂಥದೆಂದು ಅವಳಿಗೆ ಗೊತ್ತಿತ್ತು. ಮುನ್ನೂರು ವರ್ಷ ಅದನ್ನೇ ಉಂಡು ಬದುಕಿದ್ದಳು. ಹೂವನ್ನು ತೆಗೆದು ಕೊಟ್ಟಳು.

ಬೊಗಸೆಯಲ್ಲಿ ಹೂವು ಚಳಿಗೆ ನಡುಗುವಂತಿತ್ತು. ಎಸಳ ಮೇಲೆ ಇನ್ನೂ ಇಬ್ಬನಿ ಇತ್ತು.

"ಅಕ್ಕಾ, ಬಂದ್ಯಾ?"

"ಬಂದೆ ಕಣೇ."

"ನಿನ್ನನ್ನ ಕರೆದೆ. ನೀನು ಹತ್ತಿರದಲ್ಲೇ ಹೋಗ್ತಿದ್ದೆ. ನಿನ್ನ ಕಾಲು ಕಾಣಿಸ್ತು. ಅಷ್ಟರಲ್ಲಿ ಅವಳ ಕೈ ಬಿತ್ತು."

ಹಾಗಾದರೆ ಅದು ಮಾಟವಲ್ಲ, ಚಂದಲೆಯೇ.

"ನೀನೇ ಅಂತ ಗೊತ್ತಾಗಲಿಲ್ಲ ಕಣೇ. ನನ್ನ ಬಂಗಾರ, ನೀನೇ ಅಂತ ಗೊತ್ತಾಗಲಿಲ್ಲ."

"ಓಗೊಡಲಿಲ್ಲವಲ್ಲ, ಒಳ್ಳೇದಾಯ್ತು. ಯಾರ ದನಿಗೇ ಆಗಲಿ, ಇಲ್ಲಿ ಓ ಅಂದರೆ ಬೇರು ಬಿಡೋದೇ. ನಾನು ಕರೀಬಾರದಿತ್ತು. ಭಯ ಆಯ್ತು, ಕರೆದುಬಿಟ್ಟೆ." ಹೂವು ಮತ್ತೆ ಹೇಳಿತು, "ಅಕ್ಕಾ, ನನ್ನ ಪಕ್ಕ ಒಂದು ಮೊಗ್ಗು ಇದೆ. ಚಿಕ್ಕ ಹುಡುಗಿ. ಸೋವಲೆ ಅಂತ. ಅವಳೂ ಅವಳ ಅಮ್ಮನೂ ಒಟ್ಟಿಗೇ ಹೂವಾದರಂತೆ. ಅಮ್ಮ ಹೋದ ವರ್ಷವೇ ಅರಳಿದಳು, ಅವಳನ್ನ ಕಿತ್ತುಕೊಂಡು ಹೋದಳು ಇವಳು. ಮಣ್ಣೊಳಗೆ ನಮ್ಮ ಬೇರು ಒಂದಕ್ಕೊಂದು ಸುತ್ತಿಕೊಂಡಿತ್ತು. ಆ ಮಗು ಅಳ್ತಿತ್ತು. ನಾನು ಕತೆ ಹೇಳ್ತಿದ್ದೆ. ನಮ್ಮಕ್ಕ ಬಂದೇ ಬರ್ತಾಳೆ, ನಮ್ಮೆಲ್ಲರನ್ನೂ ಕರ್ಕೊಂಡು ಹೋಗ್ತಾಳೆ ಅಂತ. ನಮ್ಮೆಲ್ಲರನ್ನೂ ಅಂದಿದ್ದೀನಿ ಅಕ್ಕ."

ಬಾಚಲೆಯ ಕಣ್ಣೀರು ಸುರಿಯಿತು.

"ನನ್ನ ಮಾತು ಸುಳ್ಳಾಗಬಾರದು," ಎಂದಿತು ಹೂವು.

"ಚಂದೂ, ನಾನು ನಿನಗೋಸ್ಕರ ಬಂದವಳು. ಬೇರೆ ಯಾರಿಗೋಸ್ಕರವೂ ಅಲ್ಲ."

"ಗೊತ್ತು. ಅದಕ್ಕೇ ನಾನು ಹೇಳ್ತಿರೋದು." ಹೂವಿನ ದನಿ ಸಣ್ಣದಾಯಿತು. "ನಿನ್ನ ತಲೇಲಿ ಮುಡ್ಕೋ ಅಕ್ಕ. ಅವಳ ತಲೇಲಿ ಎಣ್ಣೆನೂ ಇಲ್ಲ, ಏನೂ ಇಲ್ಲ. ಬರೀ ಕೆಸರ ವಾಸನೆ."

ಬಾಚಲೆ ತಂಗಿಯನ್ನು ತುಟಿಗೆ ಒತ್ತಿಕೊಂಡಳು. ಆಮೇಲೆ ಎಡಕಿವಿಯ ಹಿಂದೆ, ಕೂದಲಿನಲ್ಲಿ, ಮೆಲ್ಲಗೆ ಸಿಕ್ಕಿಸಿಕೊಂಡಳು. ಮುಡಿಗಾತಿ ಏನಾಗುತ್ತಿದೆಯೆಂದು ತಿಳಿದು ಕಲ್ಲಿನಿಂದ ಏಳುವಷ್ಟರಲ್ಲಿ, ಬಾಚಲೆ ಕಪ್ಪು ಗಿಡದ ಬುಡವನ್ನು ಎರಡೂ ಕೈಯಿಂದ ಹಿಡಿದು, ಆಪಿನ ಬುಡ ಕೀಳುವ ಹಾಗೆ ಒಮ್ಮೆ ಹಿಂದಕ್ಕೆ ಬಾಗಿ ಎಳೆದಳು.

ಬೇರು ಕಿತ್ತು ಬಂತು. ಅದು ಮನುಷ್ಯರ ಕೂದಲಿನ ಹಾಗೆ ಉದ್ದಕ್ಕೆ, ನೆರೆತು ಬೆಳ್ಳಗೆ ಇತ್ತು.

ಮುಡಿಗಾತಿಯ ಮುಖದ ಮೇಲೆ ಮುನ್ನೂರು ವರ್ಷ ಒಮ್ಮೆಗೇ ಹಾದುಹೋಯಿತು. ಅವಳು ಕೈಯೆತ್ತಿ ತಲೆ ತಡವಿಕೊಂಡಳು, ಅಲ್ಲಿ ಹೂವು ಇದೆಯೇ ಎಂದು ನೋಡುವವಳಂತೆ. "ಇವತ್ತಿನದು ಇನ್ನೂ..." ಎಂದಳು. ಮಾತು ಮುಗಿಯಲಿಲ್ಲ. ಕಲ್ಲಿನ ಮೇಲೆ ಒಂದು ಹಿಡಿ ಒಣಕೆಸರು ಉಳಿಯಿತು.

ಸೂರ್ಯ ಹುಟ್ಟಿದ. ಮಂಜು ಎದ್ದಿತು. ಮಂಜಿನ ಕೆಳಗಿಂದ ಜನ ಎದ್ದರು. ಹನಿಗಣ್ಣೆಗಳು ಎದ್ದವು, ನೀರಡಿಯ ನೈದಿಲೆಯ ಗೆಡ್ಡೆಗಳು ಎದ್ದವು, ದೂರದ ದಂಡೆಯಲ್ಲಿ ಬರಿಯ ಬೇರಾಗಿ ಮಲಗಿದ್ದ ಕರ್ಣಕುಂಡಲಗಳು ಎದ್ದವು. ಗಂಡಸರು, ಹೆಂಗಸರು, ರಾಜನ ದಂಡು, ಮಂಡಿಯವರೆಗೆ ಕೆಸರು ಮೆತ್ತಿಕೊಂಡು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತರು. ಮೂರೂ ನೀರು ಮೊಣಕಾಲಿಗೆ ಇಳಿದಿತ್ತು. ಒಬ್ಬರು ಇನ್ನೊಬ್ಬರ ಹೆಸರು ಕೂಗಿದರು. ಕೂಗಿಸಿಕೊಂಡವರು ಭಯದಿಂದ ಒಂದು ಗಳಿಗೆ ತಡೆದು, ಆಮೇಲೆ "ಓ" ಎಂದರು. ಏನೂ ಆಗಲಿಲ್ಲ. ಆಗ ನೂರ್ಗೈ ಜೌಗಿನ ತುಂಬ, ಈ ದಡದಿಂದ ಆ ದಡಕ್ಕೆ, ಓ, ಓ, ಓ ಎಂದು ಕೇಳತೊಡಗಿತು.

"ಎಷ್ಟೊಂದು ಜನ ಅಕ್ಕ," ಎಂದಿತು ಕಿವಿಯ ಹಿಂದಿನ ಹೂವು.

"ಹೂಂ ಕಣೇ. ಎಲ್ಲ ನೀನು ಹೇಳಿದವರೇ."

"ಸೋವಲೆ ಕಾಣಿಸ್ತಾಳಾ? ಅವಳಿಗೆ ಒಂದು ಹಲ್ಲು ಬಿದ್ದಿದೆಯಂತೆ."

ಬಾಚಲೆ ಹುಡುಕಿದಳು. ಆದರೆ ಅಷ್ಟರಲ್ಲಿ ಬಿಸಿಲು ಏರಿ, ಹೂವಿನ ಮೇಲಿನ ಇಬ್ಬನಿ ಆರಿತು. ಅವಳು ಜೌಗಿನ ನೀರಲ್ಲಿ ಬೆರಳದ್ದಿ ಎಸಳ ಮೇಲೆ ಹನಿಸಿದಳು. ಅದು ಇಬ್ಬನಿಯಲ್ಲ. ಹೂವು ಮತ್ತೆ ಮಾತಾಡಲಿಲ್ಲ.

ಆ ದಿನವೆಲ್ಲ ಬಾಚಲೆ ಜೌಗಿನಿಂದ ಊರ ಕಡೆಗೆ ಜನರ ಜೊತೆ ನಡೆದಳು. ಮೊದಲನೇ ನೀರಿನ ಹತ್ತಿರ ಒಬ್ಬ ಮುದಿ ಅಂಬಿಗ, ತನ್ನ ಕೈಕಾಲನ್ನು ತಾನೇ ಮುಟ್ಟಿಕೊಂಡು ಅಳುತ್ತಾ ಕೂತಿದ್ದ, ಅವನೇ ಮೊಸಳೆಯಾಗಿದ್ದವನು. ಕೋಣ ಕೋಣವೇ ಆಗಿತ್ತು. ಅದು ಯಾರನ್ನೂ ಗಮನಿಸದೆ ಹುಲ್ಲು ಮೇಯುತ್ತಿತ್ತು. ಕಬ್ಬಳ್ಳಿಯ ಏರಿಯ ಮೇಲೆ ಮಾಳಲೆ ಎಂದಿನಂತೆ ಕೂತಿದ್ದಳು. ಕೇತ ಅವಳ ಮುಂದೆ ಹೋಗಿ ನಿಂತ. ಅವಳು ಹಣೆಗೆ ಕೈ ಅಡ್ಡ ಹಿಡಿದು ಅವನ ಎಳೆಯ ಮುಖವನ್ನು ನೋಡಿದಳು.

"ತಡ ಮಾಡಿದೆ," ಎಂದಳು.

"ಹೂಂ," ಎಂದ ಕೇತ. ಅವಳ ಪಕ್ಕ ಕೂತು, ಸುಕ್ಕುಗಟ್ಟಿದ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಅವಳು ಬದುಕಿದ್ದಷ್ಟು ವರ್ಷವೂ ಅವನು ಆ ಕೈ ಬಿಡಲಿಲ್ಲವೆಂದು ಹೇಳುತ್ತಾರೆ.

ಹೊನ್ನವ್ವೆಯ ಮನೆಯನ್ನು ಕೇಳಿಕೊಂಡು ಹೋಗಿ ಬಾಚಲೆ ಅವಳ ಸೊಸೆಯನ್ನು ಕಂಡಳು. "ನಿಮ್ಮತ್ತೆ ಹೇಳಿ ಕಳಿಸಿದ್ದಾರೆ, ನೀವು ಒಳ್ಳೆಯವರಂತೆ," ಎಂದಳು. ಆ ಸೊಸೆಗೂ ಈಗ ವಯಸ್ಸಾಗಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಲ್ಲೇ ಅತ್ತಳು.

ಸಂಜೆಗೆ ಬಾಚಲೆ ತನ್ನ ಮನೆಯ ಜಗಲಿಯ ಮೇಲೆ ಕೂತಳು. ಕಿವಿಯ ಹಿಂದಿನ ಕಂಪು ಕಡಿಮೆಯಾಗುತ್ತಾ ಬಂತು. ಅವಳು ತಲೆ ಅಲ್ಲಾಡಿಸದೆ, ಮಗು ಮಲಗಿದ ತೊಡೆಯನ್ನು ಅಲುಗಿಸದವರ ಹಾಗೆ, ಹೊತ್ತು ಮುಳುಗುವವರೆಗೂ ಕೂತಿದ್ದಳು. ಮುಳುಗಿದ ಮೇಲೆ ಹೂವನ್ನು ತೆಗೆದಳು. ಅದು ಬಾಡಿ, ನೂಲಿನ ಎಳೆಯಷ್ಟಾಗಿತ್ತು. ಅಂಗಳದಲ್ಲಿ ಗುಂಡಿ ತೋಡಿ, ತಂಗಿಗೆ ಮಾಡಬೇಕಾದ್ದನ್ನೆಲ್ಲ ಅದಕ್ಕೆ ಮಾಡಿದಳು.

ಮಾರನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಒಂದು ಹುಡುಗಿ ನಿಂತಿತ್ತು. ಮೈಯೆಲ್ಲ ಒಣಗಿದ ಕೆಸರು. ಮುಂದಿನ ಒಂದು ಹಲ್ಲಿಲ್ಲ. ದಂಡಿನವನೊಬ್ಬ ಅದನ್ನು ಮನೆ ಮನೆಗೆ ಕರೆದುಕೊಂಡು ಹೋಗಿದ್ದ. ಯಾರ ಮಗುವೆಂದು ಹೇಳುವವರು ಯಾರೂ ಉಳಿದಿರಲಿಲ್ಲ.

"ಚಂದಕ್ಕನ ಅಕ್ಕ ನೀನೇನಾ?" ಎಂದು ಕೇಳಿತು.

"ನಾನೇ."

"ಚಂದಕ್ಕ ಎಲ್ಲಿ?"

ಬಾಚಲೆ ಮಗುವನ್ನು ಒಳಗೆ ಕರೆದಳು. ನೀರು ಕಾಯಿಸಿ, ಮೈಯ ಕೆಸರು ತೊಳೆದು, ಗಂಜಿ ಕೊಟ್ಟು, ಆಮೇಲೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಇಬ್ಬರೂ ಅತ್ತರು. ಸೋವಲೆ ಆ ಮನೆಯಲ್ಲೇ ಉಳಿದಳು.

ರಾಜ ಬಾಚಲೆಯನ್ನು ಅರಮನೆಗೆ ಕರೆಸಿ, ಏನು ಬೇಕು ಕೇಳು ಎಂದ. ಜೌಗಿನ ಹೂವನ್ನು ಯಾರೂ ಕೀಳಬಾರದೆಂದು ಡಂಗುರ ಹೊಡೆಸಿ ಎಂದಳು. ರಾಜ ಹೊಡೆಸಿದ. ಮರುವರ್ಷ ಅಲ್ಲಿ ಬರಿಯ ಹೂವುಗಳು ಅರಳಿದವು. ಮಾತಾಡದ, ಯಾರದೂ ಅಲ್ಲದ ಹೂವುಗಳು. ಮಳೆಗಾಲದಲ್ಲಿ ಒಮ್ಮೆ, ಮಳೆ ಹಿಂದಾದ ಮೇಲೆ ಒಮ್ಮೆ, ಚಳಿಯಲ್ಲಿ ಒಮ್ಮೆ, ಊರೂರಿನ ಜನ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಬರತೊಡಗಿದರು. ದಂಡೆಯಲ್ಲಿ ಮೆಟ್ಟು ಬಿಟ್ಟು, ನೋಡಿ, ಬರಿಗೈಯಲ್ಲಿ ಹಿಂದಿರುಗುತ್ತಿದ್ದರು.

ಸೋವಲೆ ದೊಡ್ಡವಳಾದಳು, ಚಾಪೆ ಹೆಣೆಯಲು ಕಲಿತಳು, ಒಬ್ಬ ಅಂಬಿಗರ ಹುಡುಗನನ್ನು ಮದುವೆಯಾಗಿ ಪಕ್ಕದ ಮನೆಯಲ್ಲೇ ಒಲೆ ಹೂಡಿದಳು. ಅಂಕನಾಡಿನವರು ಸುಖವಾಗಿ ಬಾಳಿದರು. ಬಾಚಲೆಯೂ ಸುಖವಾಗಿಯೇ ಬಾಳಿದಳು, ಚಳಿಗಾಲದ ಕೆಲವು ಬೆಳಗುಗಳನ್ನು ಬಿಟ್ಟು.